ಕಪಾಲ ಹಸ್ತಚಿಕಿತ್ಸೆಗಳು ಮತ್ತು ತಲೆಪೆಟ್ಟಿನ ಚೇತರಿಕೆ

ಕಪಾಲ ಹಸ್ತಚಿಕಿತ್ಸೆ: ತಲೆಬುರುಡೆ, ಕುತ್ತಿಗೆಯ ಬುಡ ಹಾಗೂ ಬೆನ್ನಿನ ಕೆಳತುದಿಯ ತ್ರಿಕಾಸ್ಥಿಯ ಮೇಲೆ ಬೆರಳುಗಳನ್ನು ಹಗುರವಾಗಿ ಇಟ್ಟು ಒತ್ತುವ, ಎಳೆಯುವ, ಹಿಡಿದು ಕಾಯುವ ಪರ್ಯಾಯ ಚಿಕಿತ್ಸೆಗಳ ಗುಂಪು. ಬುರುಡೆಯ ಎಲುಬುಗಳು ಜೀವನವಿಡೀ ತುಸು ಅಲುಗಾಡುತ್ತಿರುತ್ತವೆ, ಆ ಅಲುಗಾಟ ಎಲ್ಲಾದರೂ ಸಿಕ್ಕಿಕೊಂಡರೆ ಕಾಯಿಲೆ ಬರುತ್ತದೆ, ಪಳಗಿದ ಕೈ ಅದನ್ನು ಬಿಡಿಸಬಲ್ಲದು ಎಂಬುದು ಇವೆಲ್ಲದರ ಬುಡದಲ್ಲಿರುವ ನಂಬಿಕೆ. ಅಮೆರಿಕದಲ್ಲಿ ಹುಟ್ಟಿದ ಕ್ರೇನಿಯಲ್ ಆಸ್ಟಿಯೋಪಥಿ, ಅದರಿಂದ ಕವಲೊಡೆದ ಕ್ರೇನಿಯೋಸೇಕ್ರಲ್ ಥೆರಪಿ, ಕೈರೋಪ್ರಾಕ್ಟಿಕ್ ಪಂಥದ ಸೇಕ್ರೋ ಆಕ್ಸಿಪಿಟಲ್ ಟೆಕ್ನಿಕ್ ಇವುಗಳಲ್ಲಿ ಮುಖ್ಯವಾದವು. ಕೂಸುಗಳ ಅಳುವಿನಿಂದ ಹಿಡಿದು ಅರೆತಲೆನೋವಿನವರೆಗೆ ನಾನಾ ತೊಂದರೆಗಳಿಗೆ ಇವನ್ನು ಬಳಸುತ್ತಾರೆ. ತಲೆಗೆ ಪೆಟ್ಟು ಬಿದ್ದು ಚೇತರಿಸಿಕೊಳ್ಳುತ್ತಿರುವವರ ಮೇಲಿನ ಬಳಕೆಯೇ ಈ ಲೇಖನದ ವಿಷಯ. ಈ ಚಿಕಿತ್ಸೆಗಳು ಕೊಡುವ ಭರವಸೆಯೂ ತರುವ ಅಪಾಯವೂ ಅಲ್ಲಿ ಎಲ್ಲಕ್ಕಿಂತ ದೊಡ್ಡವು.

ಇದನ್ನು ಹುಡುಕಿಕೊಂಡು ಹೋಗುವವರು ಯಾರೆಂದು ಮೊದಲು ತಿಳಿಯಬೇಕು. ಬೈಕಿನಿಂದ ಬಿದ್ದವರನ್ನು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಸಿ.ಟಿ. ಸ್ಕ್ಯಾನ್ ನಾರ್ಮಲ್ ಇದೆ ಎಂದು ಮನೆಗೆ ಕಳಿಸುತ್ತಾರೆ. ತಿಂಗಳು ಕಳೆದರೂ ತಲೆನೋವು ಬಿಡುವುದಿಲ್ಲ. ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತದೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆ ತಿರುಗುತ್ತದೆ, ಕುಕ್ಕರ್ ಸೀಟಿಗೆ ಸಿಟ್ಟು ಬರುತ್ತದೆ, ನಿನ್ನೆ ಹೇಳಿದ್ದು ಇವತ್ತು ನೆನಪಿರುವುದಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲವಲ್ಲ, ಎಲ್ಲ ನಿನ್ನ ಭ್ರಮೆ ಎಂದು ಮನೆಯವರೇ ಹೇಳತೊಡಗುತ್ತಾರೆ. ಇಂಥ ಹೊತ್ತಿನಲ್ಲಿ ಒಬ್ಬರು ಒಂದು ಗಂಟೆ ಪಕ್ಕದಲ್ಲಿ ಕೂತು, ನೋಯುವ ತಲೆಯನ್ನು ಎರಡು ಅಂಗೈಗಳಲ್ಲಿ ಹಿಡಿದು, ನಿಮ್ಮ ನೋವು ನಿಜ, ಅದಕ್ಕೆ ಕಾರಣ ಇಲ್ಲಿದೆ ಎಂದು ಹೇಳಿದರೆ ಆ ಜೀವಕ್ಕೆ ಎಷ್ಟು ಸಮಾಧಾನವಾಗಬೇಡ! ಆ ಸಮಾಧಾನವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಪರೀಕ್ಷಿಸಬೇಕಾದದ್ದು ಅವರು ತೋರಿಸುವ ಕಾರಣವನ್ನು.

ಪೆಟ್ಟು ತಿಂದ ಮಿದುಳಿನಲ್ಲಿ ಆಗುವುದೇನು

ತಲೆಪೆಟ್ಟಿನ ತೀವ್ರತೆಯನ್ನು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ರೂಪಿಸಿದ ಗ್ಲಾಸ್ಗೊ ಕೋಮಾ ಮಾಪಕದಿಂದ ಅಳೆಯುವುದು ವಾಡಿಕೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರಕ್ಕೆ ಒಟ್ಟು 15 ಅಂಕ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ಹೆಚ್ಚಿನ ಪೆಟ್ಟುಗಳು ಸೌಮ್ಯ ವರ್ಗಕ್ಕೆ ಸೇರಿದವು. ಕಂಕಷನ್ ಎನ್ನುವುದು ಇದನ್ನೇ. ಇಲ್ಲಿ ಸಾಮಾನ್ಯವಾಗಿ ಬುರುಡೆ ಒಡೆದಿರುವುದಿಲ್ಲ, ರಕ್ತ ಹೆಪ್ಪುಗಟ್ಟಿರುವುದಿಲ್ಲ. ಮಿದುಳು ಒಳಗೇ ಜೋರಾಗಿ ಕುಲುಕಿದ್ದರಿಂದ ಉದ್ದನೆಯ ನರತಂತುಗಳು ಜಗ್ಗಿರುತ್ತವೆ. ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಸರಿಪಡಿಸಲು ಕೋಶಕ್ಕೆ ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತದ ಪೂರೈಕೆ ಕುಗ್ಗಿರುತ್ತದೆ. ಇಷ್ಟು ಸೂಕ್ಷ್ಮವಾದ ಏರುಪೇರು ಸಿ.ಟಿ. ಸ್ಕ್ಯಾನಿಗೆ ಕಾಣುವುದಿಲ್ಲ. ಅದೇ ಏಟಿನಲ್ಲಿ ಕುತ್ತಿಗೆಯ ಸ್ನಾಯುಗಳೂ ಒಳಕಿವಿಯ ಸಮತೋಲನ ಅಂಗವೂ ನೊಂದಿರಬಹುದು. ತಲೆಪೆಟ್ಟಿನ ನಂತರದ ತಲೆನೋವು, ತಲೆಸುತ್ತುಗಳಲ್ಲಿ ಎಷ್ಟೋ ಈ ಎರಡರಿಂದ ಬಂದವು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹುಟ್ಟು ಮತ್ತು ಹರಡಿದ ಬಗೆ

ಆಸ್ಟಿಯೋಪಥಿಯ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917). 1864ರಲ್ಲಿ ಮಿದುಳುಪೊರೆಯ ಉರಿಯೂತ ಅವನ ಮನೆಯ ಮೂರು ಮಕ್ಕಳನ್ನು ಬಲಿ ತೆಗೆದುಕೊಂಡಿತು. ಅಂದಿನ ವೈದ್ಯದ ಔಷಧಿಗಳ ಮೇಲೆ ನಂಬಿಕೆ ಕಳೆದುಕೊಂಡ ಆತ ದೇಹದ ಎಲುಬು, ಕೀಲುಗಳನ್ನು ಸರಿಪಡಿಸಿದರೆ ದೇಹ ತಾನೇ ವಾಸಿಯಾಗುತ್ತದೆ ಎಂಬ ನಿಲುವಿಗೆ 1874ರಲ್ಲಿ ಬಂದ. ಊರೂರು ತಿರುಗಿ ಮೂಳೆ ಕೂರಿಸುವವನಾಗಿ ಹೆಸರು ಮಾಡಿ, 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆರೆದ. ಪುತ್ತೂರು ಕಟ್ಟಿನ ಹೆಸರು ಕೇಳಿ ಬೆಳೆದ ನಮಗೆ ಇಂಥ ಮೂಳೆವೈದ್ಯರ ಮೇಲೆ ಜನ ಇಡುವ ವಿಶ್ವಾಸ ಹೊಸದೇನಲ್ಲ.

ಆ ಕಾಲೇಜಿನ ವಿದ್ಯಾರ್ಥಿ ವಿಲಿಯಂ ಗಾರ್ನರ್ ಸದರ್‌ಲೆಂಡ್ (1873–1954). ಓದಿನ ದಿನಗಳಲ್ಲಿ, ಬಿಡಿಬಿಡಿಯಾಗಿ ಬೇರ್ಪಡಿಸಿ ಜೋಡಿಸಿಟ್ಟ ತಲೆಬುರುಡೆಯೊಂದನ್ನು ನೋಡುತ್ತಿದ್ದಾಗ ಕಿವಿಯ ಮೇಲಿನ ಎಲುಬಿನ ಅಂಚು ಓರೆಯಾಗಿ ಮೀನಿನ ಕಿವಿರಿನಂತೆ ಇರುವುದು ಅವನ ಕಣ್ಣಿಗೆ ಬಿತ್ತು. ಕಿವಿರು ಇರುವುದು ಉಸಿರಾಡಲಿಕ್ಕೆ. ಹಾಗಾದರೆ ಈ ಎಲುಬುಗಳೂ ಉಸಿರಾಟದಂಥ ಯಾವುದೋ ಚಲನೆಗಾಗಿಯೇ ರೂಪುಗೊಂಡಿರಬೇಕು ಎಂಬ ಯೋಚನೆ ಹೊಳೆಯಿತು. ಮುಂದೆ ವರ್ಷಾನುಗಟ್ಟಲೆ ತನ್ನ ತಲೆಗೇ ಚರ್ಮದ ಪಟ್ಟಿಗಳನ್ನು ಬಿಗಿದು, ಒಂದೊಂದು ಎಲುಬನ್ನೂ ಒತ್ತಿ ಏನಾಗುತ್ತದೆಂದು ಪರೀಕ್ಷಿಸಿಕೊಂಡ. 1939ರಲ್ಲಿ 'ದಿ ಕ್ರೇನಿಯಲ್ ಬೌಲ್' ಎಂಬ ಕಿರುಪುಸ್ತಕ ಹೊರತಂದ. ಅವನ ಶಿಷ್ಯ ಹೆರಾಲ್ಡ್ ಮಗೂನ್ 1951ರಲ್ಲಿ ಈ ಪಂಥದ ಮೊದಲ ದೊಡ್ಡ ಪಠ್ಯವನ್ನು ಪ್ರಕಟಿಸಿದ. ಸದರ್‌ಲೆಂಡನ ಶ್ರದ್ಧೆ ಪ್ರಾಮಾಣಿಕವಾದದ್ದು. ಆದರೆ ಆಕಾರದ ಹೋಲಿಕೆಯೊಂದರಿಂದ ಕೆಲಸವನ್ನು ಊಹಿಸಿದ್ದೇ ಅವನ ಸಿದ್ಧಾಂತದ ಅಡಿಗಲ್ಲು ಎಂಬುದನ್ನು ಮರೆಯುವಂತಿಲ್ಲ.

ವೈದ್ಯರಲ್ಲದವರೂ ಕಲಿಯಬಹುದಾದ ಕ್ರೇನಿಯೋಸೇಕ್ರಲ್ ಥೆರಪಿಯನ್ನು ರೂಪಿಸಿದವನು ಜಾನ್ ಅಪ್ಲೆಡ್ಜರ್ (1932–2012). 1971ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆಯೊಂದಕ್ಕೆ ನೆರವಾಗುತ್ತಿದ್ದಾಗ ಬೆನ್ನುಹುರಿಯ ಹೊರಪೊರೆಯನ್ನು ಅಲುಗದಂತೆ ಹಿಡಿಯುವ ಕೆಲಸ ಅವನದಾಗಿತ್ತು. ಪೊರೆ ಉಸಿರಿಗೂ ನಾಡಿಗೂ ಹೊಂದದ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ಎಷ್ಟು ಹಿಡಿದರೂ ನಿಲ್ಲಲಿಲ್ಲ ಎಂದು ಆತ ಹೇಳಿಕೊಂಡಿದ್ದಾನೆ. 1975ರಿಂದ 1983ರವರೆಗೆ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದು, 1985ರಲ್ಲಿ ಫ್ಲಾರಿಡಾದಲ್ಲಿ ತನ್ನ ಹೆಸರಿನ ಸಂಸ್ಥೆ ಕಟ್ಟಿದ. ಫಿಸಿಯೋಥೆರಪಿಸ್ಟರು, ದಾದಿಯರು, ಮಾಲೀಸು ಮಾಡುವವರು ಎಲ್ಲರಿಗೂ ಅಲ್ಲಿ ಕೆಲವು ದಿನಗಳ ತರಗತಿ ನಡೆಯತೊಡಗಿತು, ವಿದ್ಯೆ ಜಗತ್ತಿನ ತುಂಬ ಹರಡಿತು. ಪೆಟ್ಟಿನ ಶಕ್ತಿ ದೇಹದೊಳಗೆ ಗಂಟಾಗಿ ಉಳಿಯುತ್ತದೆ, ಮುಟ್ಟಿದಾಗ ಅದು ಭಾವನೆಗಳ ರೂಪದಲ್ಲಿ ಹೊರಬರುತ್ತದೆ ಎಂಬ ಮಾತನ್ನೂ ಸೇರಿಸಿದವನು ಅಪ್ಲೆಡ್ಜರನೇ. ಕೈರೋಪ್ರಾಕ್ಟಿಕ್ ಕವಲನ್ನು ಬೆಳೆಸಿದವನು ನೆಬ್ರಾಸ್ಕಾದ ಮೇಜರ್ ಬರ್ಟ್ರಾಂಡ್ ಡಿಜಾರ್ನೆಟ್. ಮೇಜರ್ ಎಂಬುದು ಅವನ ಹೆಸರಿನ ಭಾಗ, ಸೇನೆಯ ಪದವಿಯಲ್ಲ.

ಇಂದು ಅಮೆರಿಕದಲ್ಲಿ ಆಸ್ಟಿಯೋಪಥಿ ಪದವೀಧರರು ಪೂರ್ಣ ವೈದ್ಯರು. ಶಸ್ತ್ರಚಿಕಿತ್ಸೆ ಮಾಡಬಲ್ಲರು, ಔಷಧಿ ಬರೆಯಬಲ್ಲರು. ಬ್ರಿಟನ್ನಿನಲ್ಲಿ 1993ರ ಕಾಯಿದೆಯಡಿ ನೋಂದಾಯಿತರಾದವರು ಮಾತ್ರ ಆಸ್ಟಿಯೋಪಾತ್ ಎಂದು ಕರೆದುಕೊಳ್ಳಬಹುದು. ಕ್ರೇನಿಯೋಸೇಕ್ರಲ್ ಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಲು ಮಾತ್ರ ಎಷ್ಟೋ ಕಡೆ ಅಂಥ ಕಟ್ಟುಪಾಡಿಲ್ಲ.

ಸಿದ್ಧಾಂತ ಮತ್ತು ಶರೀರರಚನೆ

ಸದರ್‌ಲೆಂಡ್ ಕಟ್ಟಿದ 'ಪ್ರಾಥಮಿಕ ಉಸಿರಾಟ ವ್ಯವಸ್ಥೆ'ಗೆ ಐದು ಅಂಗಗಳು: ಮಿದುಳು ಮತ್ತು ಬೆನ್ನುಹುರಿಗೆ ತಾವಾಗಿಯೇ ಹಿಗ್ಗಿ ಕುಗ್ಗುವ ಗುಣವಿದೆ, ಅವುಗಳನ್ನು ಸುತ್ತುವರಿದ ಮಿದುಳುಬಳ್ಳಿ ದ್ರವ ಅಲೆಯಂತೆ ಏರಿಳಿಯುತ್ತದೆ, ಒಳಪೊರೆಗಳು ಅದಕ್ಕೆ ತಕ್ಕಂತೆ ಜಗ್ಗುತ್ತವೆ, ಬುರುಡೆಯ ಎಲುಬುಗಳು ಸರಿಯುತ್ತವೆ, ಕೊನೆಗೆ ಪೊರೆಯ ಇನ್ನೊಂದು ತುದಿಯಲ್ಲಿರುವ ತ್ರಿಕಾಸ್ಥಿಯೂ ತೂಗುತ್ತದೆ. ಈ ಲಯ ನಿಮಿಷಕ್ಕೆ ಸುಮಾರು 6ರಿಂದ 12 ಬಾರಿ ಬರುತ್ತದೆ, ಕಲಿತ ಬೆರಳಿಗೆ ಅದು ಸಿಗುತ್ತದೆ ಎಂದು ಸಾಧಕರು ಹೇಳುತ್ತಾರೆ.

ಇದರಲ್ಲಿ ಒಂದಷ್ಟು ನಿಜವಿದೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಟ್ಟಾರೆ ಯಾವ ಹೊತ್ತಿನಲ್ಲೂ ಸುಮಾರು 150 ಮಿಲಿಲೀಟರ್ ಮಿದುಳುಬಳ್ಳಿ ದ್ರವ ಇರುತ್ತದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಅದು ನಿಂತ ನೀರಲ್ಲ. ಪ್ರತಿ ನಾಡಿಮಿಡಿತಕ್ಕೂ ಪ್ರತಿ ಉಸಿರಿಗೂ ಮಿದುಳು ತುಸುವೇ ಅದುರಿ, ದ್ರವ ಹಿಂದೆ ಮುಂದೆ ಸರಿಯುವುದನ್ನು ಎಂ.ಆರ್.ಐ. ತೋರಿಸಿದೆ. ರಕ್ತದ ಒತ್ತಡದಲ್ಲಿ ನಿಮಿಷಕ್ಕೆ ಆರರ ಆಸುಪಾಸಿನಲ್ಲಿ ಬರುವ ನಿಧಾನ ಅಲೆಗಳೂ ಇವೆ. ಬೆರಳಿಗೆ ಸಿಗುವ ಲಯ ಅವೇ ಇರಬಹುದೆಂದು ಕೆಲವು ಆಸ್ಟಿಯೋಪಥಿ ಸಂಶೋಧಕರೇ ಸೂಚಿಸಿದ್ದಾರೆ.

ಸಿದ್ಧಾಂತ ಎಡವುವುದು ಎಲುಬಿನಲ್ಲಿ. ಸದರ್‌ಲೆಂಡನ ಮಾದರಿಯಲ್ಲಿ ಇಡೀ ಚಲನೆಯ ತಿರುಗಣಿ ಇರುವುದು ಬುರುಡೆಯ ತಳದಲ್ಲಿ, ಸ್ಫೀನಾಯ್ಡ್ ಎಲುಬು ಹಿಂದಲೆಯ ಎಲುಬನ್ನು ಸೇರುವ ಕಡೆ. ಆ ಕೀಲು ಮಕ್ಕಳಲ್ಲಿ ಮೃದ್ವಸ್ಥಿಯದು. ಹದಿಹರೆಯ ಮುಗಿಯುವಷ್ಟರಲ್ಲಿ ಗಟ್ಟಿಯಾಗಿ ಎರಡೂ ಒಂದೇ ಎಲುಬಾಗುತ್ತವೆ. ಬೆಳೆದವರಲ್ಲಿ ಅದು ಬಾಗುತ್ತದೆ ಎನ್ನುವುದು ಬೆಸುಗೆ ಹಾಕಿದ ಬಾಗಿಲು ತೆರೆಯುತ್ತದೆ ಎಂದಂತೆ. ನೆತ್ತಿಯ ಮೇಲಿನ ಹೊಲಿಗೆಗಳು ಇನ್ನೂ ನಿಧಾನವಾಗಿ ಮುಚ್ಚುತ್ತವೆ ನಿಜ, ಆದರೆ ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಕೂತಿರುತ್ತವೆ. ಮೊಲಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಚಿಕಿತ್ಸಕರು ಬಳಸುವಷ್ಟೇ ಹಗುರವಾದ ಬಲ, ಅಂದರೆ 5ರಿಂದ 20 ಗ್ರಾಂ, ಹಾಕಿದಾಗ ಹೊಲಿಗೆಯೂ ಸರಿಯಲಿಲ್ಲ, ಬುರುಡೆಯೊಳಗಿನ ಒತ್ತಡವೂ ಬದಲಾಗಲಿಲ್ಲ.

ಕೂಸುಗಳ ಮಾತು ಬೇರೆ. ಹುಟ್ಟಿದ ಮಗುವಿನ ಬುರುಡೆಯ ಎಲುಬುಗಳು ನಿಜವಾಗಿಯೂ ಸಡಿಲ. ಮುಂದಲೆಯ ನೆತ್ತಿ ಮುಚ್ಚಲು ಸುಮಾರು ಒಂದೂವರೆ ವರ್ಷ ಬೇಕು. ಬಾಣಂತಿಮನೆಯಲ್ಲಿ ಎಣ್ಣೆ ನೀರು ಹಾಕುವ ಅಜ್ಜಿಯರು ತಲೆ ದುಂಡಗಾಗಲೆಂದು ತೀಡುವುದು ಇದನ್ನು ಬಲ್ಲವರಾಗಿಯೇ. ಅದೇ ಕಾರಣಕ್ಕೆ ಕೂಸಿನ ತಲೆಯನ್ನು ಒತ್ತಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ.

ಚಿಕಿತ್ಸೆ ನಡೆಯುವ ರೀತಿ

ರೋಗಿ ಬಟ್ಟೆ ತೊಟ್ಟೇ ಅಂಗಾತ ಮಲಗುತ್ತಾರೆ. ಕೋಣೆ ಮಬ್ಬು, ಸದ್ದಿಲ್ಲ. ಚಿಕಿತ್ಸಕರು ತಲೆಯ ಬಳಿ ಕೂತು ಎರಡೂ ಕೈಗಳ ಬೆರಳನ್ನು ಕಿವಿಯ ಸುತ್ತ ಹರಡಿ ಬುರುಡೆಯನ್ನು ಬಟ್ಟಲಿನಂತೆ ಹಿಡಿಯುತ್ತಾರೆ. ಅಪ್ಲೆಡ್ಜರ್ ಹೇಳಿದ ಬಲ ಸುಮಾರು 5 ಗ್ರಾಂ, ಒಂದು ನಾಣ್ಯದ ತೂಕ. ಹಿಂದಲೆಯ ಎಲುಬನ್ನು ಎರಡು ಬದಿಯಿಂದ ಅಂಗೈಯಲ್ಲಿ ಹಿಡಿದು ಲಯ ತಾತ್ಕಾಲಿಕವಾಗಿ ನಿಲ್ಲುವವರೆಗೆ ಕಾಯುವುದು ಹೆಸರಾದ ಪಟ್ಟು. ಇದರಿಂದ ಮಿದುಳಿನ ನಾಲ್ಕನೆಯ ಕುಹರವನ್ನು ಅದುಮಿದಂತಾಗುತ್ತದೆ ಎನ್ನುತ್ತಾರೆ. ಒಂದು ಸರದಿ ಅರ್ಧ ಗಂಟೆಯಿಂದ ಒಂದು ಗಂಟೆ. ಹೆಚ್ಚಿನವರಿಗೆ ಮಂಪರು ಬರುತ್ತದೆ, ಎದ್ದಾಗ ಹಗುರವೆನಿಸುತ್ತದೆ.

ಎಲ್ಲ ಪ್ರಕಾರಗಳೂ ಇಷ್ಟು ಮೃದುವಲ್ಲ. ಮೂಗಿನ ಹೊಳ್ಳೆಯೊಳಗೆ ಪುಟ್ಟ ಬಲೂನು ತೂರಿಸಿ, ಗಂಟಲಿನ ಹಿಂಬದಿಯಲ್ಲಿ ಊದಿ ಸ್ಫೀನಾಯ್ಡ್ ಎಲುಬನ್ನು ಸರಿಸುತ್ತೇವೆ ಎನ್ನುವ ಪದ್ಧತಿಯೂ ಅಮೆರಿಕದಲ್ಲಿದೆ, ತಲೆಪೆಟ್ಟಿನವರಿಗೂ ಅದನ್ನು ಮಾರುತ್ತಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಂಶೋಧನೆ ಹೇಳುವುದು

ಮೊದಲ ಪ್ರಶ್ನೆ ಸರಳ: ಇಬ್ಬರು ಚಿಕಿತ್ಸಕರು ಒಂದೇ ತಲೆಯನ್ನು ಮುಟ್ಟಿದರೆ ಇಬ್ಬರಿಗೂ ಒಂದೇ ಲಯ ಸಿಗುತ್ತದೆಯೇ? 1994ರಲ್ಲಿ ವರ್ತ್-ಪಟ್ಟುಲ್ಲೊ ಮತ್ತು ಹೇಸ್ ಎಂಬ ಸಂಶೋಧಕರು ಅನುಭವಿಗಳಾದ ಮೂವರು ಚಿಕಿತ್ಸಕರಿಂದ 12 ಜನರನ್ನು ಪರೀಕ್ಷಿಸಿದರು. ಮೂವರ ಎಣಿಕೆಗಳ ನಡುವೆ ಹೊಂದಾಣಿಕೆಯೇ ಇರಲಿಲ್ಲ. 1998ರ ಇನ್ನೊಂದು ಅಧ್ಯಯನದಲ್ಲಿ ಒಬ್ಬರು ತಲೆಯನ್ನೂ ಇನ್ನೊಬ್ಬರು ಪಾದವನ್ನೂ ಏಕಕಾಲಕ್ಕೆ ಹಿಡಿದು ಎಣಿಸಿದರು. ಒಂದೇ ದೇಹದ ಒಂದೇ ಲಯವಾದರೆ ಎರಡೂ ಕೂಡಬೇಕಿತ್ತು, ಕೂಡಲಿಲ್ಲ. ಆಸ್ಟಿಯೋಪಥಿ ಕಾಲೇಜೊಂದರಲ್ಲೇ ಪಾಠ ಹೇಳುತ್ತಿದ್ದ ಹಾರ್ಟ್‌ಮನ್ ಮತ್ತು ನಾರ್ಟನ್ 2002ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಈ ವಿಷಯವನ್ನು ಪಠ್ಯದಿಂದ ತೆಗೆಯಬೇಕೆಂದು ಬರೆದರು. ತಮ್ಮ ಮನೆಯೊಳಗಿನಿಂದಲೇ ಎದ್ದ ಆ ದನಿಗೆ ಹೊರಗಿನವರ ಟೀಕೆಗಿಂತ ಹೆಚ್ಚು ಬೆಲೆಯಿದೆ. ಬೆರಳಿಗೆ ಸಿಕ್ಕಿದ್ದು ಎಷ್ಟೋ ಸಲ ಚಿಕಿತ್ಸಕರದೇ ನಾಡಿ, ಉಸಿರು ಇರಬಹುದು.

ಎರಡನೆಯ ಪ್ರಶ್ನೆ ಗುಣದ್ದು: ಚಿಕಿತ್ಸೆಯಿಂದ ರೋಗಿಗೆ ವಾಸಿಯಾಗುತ್ತದೆಯೇ? 1999ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದ ಪರಾಮರ್ಶೆ, 2016ರಲ್ಲಿ ಫ್ರಾನ್ಸಿನ ಗಿಯೊ ಮತ್ತು ಸಂಗಡಿಗರದು, ಎರಡೂ ಆಧಾರ ಸಾಲದೆಂದೇ ಹೇಳಿದವು. ಇದಕ್ಕೆ ಎದುರಾಗಿ 2020ರ ಜರ್ಮನ್ ಪರಾಮರ್ಶೆಯೊಂದು 10 ಪ್ರಯೋಗಗಳ 681 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಕುತ್ತಿಗೆನೋವು, ತಲೆನೋವಿನಂಥ ದೀರ್ಘಕಾಲದ ನೋವುಗಳಲ್ಲಿ ಒಂದಿಷ್ಟು ಉಪಶಮನ ಕಂಡಿತು. ಆ ಪ್ರಯೋಗಗಳು ನೋವಿನ ರೋಗಿಗಳವು. ಪೆಟ್ಟು ತಿಂದ ಮಿದುಳಿನ ಚೇತರಿಕೆಗೆ ಅದನ್ನು ಸಾಕ್ಷಿಯಾಗಿ ಒಡ್ಡಲಾಗದು. ತಲೆಪೆಟ್ಟಿನ ಬಗ್ಗೆ ಇರುವವು ಬಿಡಿ ಪ್ರಕರಣಗಳ ವರದಿಗಳು ಮತ್ತು ಚಿಕ್ಕ ಅಧ್ಯಯನಗಳು. ನಿವೃತ್ತ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ಅಪ್ಲೆಡ್ಜರ್ ಪರಂಪರೆಯವರು ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋವು, ನಿದ್ದೆ ಸುಧಾರಿಸಿದವೆಂಬ ಹೇಳಿಕೆಯಿದೆ. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ. ಕಂಕಷನ್ ಆದ ಬಹುಪಾಲು ಜನ ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ. ನೋವು ಬಹಳ ಜಾಸ್ತಿಯಾದ ದಿನವೇ ಚಿಕಿತ್ಸೆಗೆ ಹೋಗುವುದರಿಂದ, ಮರುದಿನ ಏನೂ ಮಾಡದಿದ್ದರೂ ತುಸು ಕಡಿಮೆಯಾಗುತ್ತದೆ. ಹೋಲಿಕೆಯ ಗುಂಪಿಲ್ಲದೆ ಇವನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಅಪಾಯಗಳು

5 ಗ್ರಾಂ ಬಲದಿಂದ ಏನು ತೊಂದರೆ ಎಂದು ಕೇಳುವವರಿಗೆ ಉತ್ತರ ಈ ಪಂಥದವರ ಬರಹದಲ್ಲೇ ಇದೆ. 1995ರಲ್ಲಿ ಗ್ರೀನ್‌ಮನ್ ಮತ್ತು ಮೆಕ್‌ಪಾರ್ಟ್‌ಲೆಂಡ್ ಎಂಬ ಆಸ್ಟಿಯೋಪಥಿ ವೈದ್ಯರು ತಲೆಪೆಟ್ಟಿನ 55 ರೋಗಿಗಳ ಅನುಭವ ಪ್ರಕಟಿಸಿದರು. ಚಿಕಿತ್ಸೆ ಉಪಯುಕ್ತವೆಂದೇ ನಂಬಿದ್ದ ಅವರು, ಮೂವರಲ್ಲಿ ಅಂದರೆ ಸುಮಾರು ಶೇ. 5ರಷ್ಟು ಜನರಲ್ಲಿ ಚಿಕಿತ್ಸೆಯಿಂದಲೇ ತೊಂದರೆಯಾಯಿತೆಂದು ಮುಚ್ಚಿಡದೆ ದಾಖಲಿಸಿದರು. ಬುರುಡೆ ಬಿರುಕು, ಮಿದುಳಿನೊಳಗಿನ ರಕ್ತಸ್ರಾವ, ಏರಿದ ಒಳಒತ್ತಡ, ರಕ್ತನಾಳದ ಉಬ್ಬು ಇರುವವರನ್ನು ಮುಟ್ಟಬಾರದೆಂದು ಅಪ್ಲೆಡ್ಜರ್ ಪರಂಪರೆಯೂ ಹೇಳುತ್ತದೆ. ಅವು ಇಲ್ಲವೆಂದು ಸ್ಕ್ಯಾನ್ ಇಲ್ಲದೆ ತಿಳಿಯುವುದು ಹೇಗೆ?

ನಮ್ಮಲ್ಲಿ ವಿಶೇಷವಾಗಿ ನೆನಪಿಡಬೇಕಾದ ಎರಡು ಸ್ಥಿತಿಗಳಿವೆ. ಒಂದು, ವಯಸ್ಸಾದವರಲ್ಲಿ ಬಚ್ಚಲಲ್ಲಿ ಜಾರಿ ತಲೆ ತಗುಲಿದ್ದು ಮರೆತೇಹೋಗಿ, ವಾರಗಳ ಮೇಲೆ ಬುರುಡೆ ಮತ್ತು ಮಿದುಳಿನ ನಡುವೆ ರಕ್ತ ನಿಧಾನಕ್ಕೆ ತುಂಬಿಕೊಳ್ಳುವುದು. ತಲೆಭಾರ, ಮಂಕು, ನಡಿಗೆಯಲ್ಲಿ ತೂರಾಟ ಇದರ ಲಕ್ಷಣಗಳು. ತಲೆ ಒತ್ತಿಸಿಕೊಂಡು ಕಾಲ ಕಳೆದರೆ, ಗುಣಪಡಿಸಬಹುದಾದ ಕಾಯಿಲೆ ಜೀವಕ್ಕೆ ಎರವಾಗುತ್ತದೆ. ಇನ್ನೊಂದು, ಊದಿದ ಮಿದುಳಿಗೆ ಜಾಗ ಮಾಡಲು ಬುರುಡೆಯ ತುಂಡೊಂದನ್ನು ತೆಗೆದು ಹೊಟ್ಟೆಯ ಚರ್ಮದಡಿ ಕಾದಿರಿಸಿದ ರೋಗಿಗಳದು. ಎಲುಬು ಮರಳಿ ಕೂರಿಸುವವರೆಗೆ ಆ ಜಾಗದಲ್ಲಿ ಮಿದುಳಿಗೆ ಚರ್ಮವೇ ಹೊದಿಕೆ. ಇಂಥವರ ತಲೆಗೆ ಯಾವ ಹಸ್ತಚಿಕಿತ್ಸೆಯೂ ಸಲ್ಲ. ಕ್ಷೌರದಂಗಡಿಯಲ್ಲಿ ಮಾಲೀಸಿನ ಕೊನೆಗೆ ಲಟಕ್ಕನೆ ಕುತ್ತಿಗೆ ತಿರುಗಿಸುವುದಾಗಲಿ, ಕೈರೋಪ್ರಾಕ್ಟಿಕ್‌ನ ರಭಸದ ತಿರುವಾಗಲಿ ಪೆಟ್ಟಾದವರಿಗೆ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿವೆ.

ಭಾರತದಲ್ಲಿ

ಬುರುಡೆಯ ಹೊಲಿಗೆಗಳನ್ನು ಭಾರತೀಯ ವೈದ್ಯಶಾಸ್ತ್ರ ಬಲ್ಲದು, ಆದರೆ ಅವನ್ನು ಕಂಡ ಕಣ್ಣು ಬೇರೆ. ಸುಶ್ರುತ ಸಂಹಿತೆ ಎಣಿಸುವ 107 ಮರ್ಮಗಳಲ್ಲಿ 37 ಕುತ್ತಿಗೆಯಿಂದ ಮೇಲಿನವು. ಬುರುಡೆಯ ಐದು ಸಂಧಿಗಳಿಗೆ ಅದು ಕೊಟ್ಟ ಹೆಸರು ಸೀಮಂತ. ಬೈತಲೆಗೂ ಇದೇ ಪದ. ಅಲ್ಲಿ ಪೆಟ್ಟಾದರೆ ಉನ್ಮಾದ, ಭಯ, ಬುದ್ಧಿನಾಶ ತಲೆದೋರಿ ಸಾವು ಬರುತ್ತದೆಂದು ಹೇಳುವ ಸುಶ್ರುತನಿಗೆ ಸೀಮಂತ ಕಾಪಾಡಬೇಕಾದ ಜಾಗ. ಮರ್ಮ ಚಿಕಿತ್ಸೆಯ ಹೆಸರಿನಲ್ಲಿ ಇಂದು ತಲೆಯನ್ನು ಒತ್ತುವವರು ಇದನ್ನು ನೆನೆಯಬೇಕು. ಶಿರೋಧಾರೆ, ಶಿರೋಬಸ್ತಿ ಮುಂತಾದ ಎಣ್ಣೆಯ ಉಪಚಾರಗಳು ಎಲುಬನ್ನು ಸರಿಸುತ್ತೇವೆಂದು ಹೇಳಿಕೊಳ್ಳುವುದಿಲ್ಲ. ಅವುಗಳ ಉದ್ದೇಶ ತಂಪು ಮತ್ತು ನಿದ್ದೆ. ಆಯುಷ್ ಸಚಿವಾಲಯದ ಪದ್ಧತಿಗಳ ಪಟ್ಟಿಯಲ್ಲಿ ಕ್ರೇನಿಯೋಸೇಕ್ರಲ್ ಥೆರಪಿ ಇಲ್ಲ.

ಭಾರತದಲ್ಲಿ ತಲೆಪೆಟ್ಟುಗಳ ಸುಮಾರು ಶೇ. 60ಕ್ಕೆ ರಸ್ತೆ ಅಪಘಾತಗಳೇ ಕಾರಣ ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜಿ. ಗುರುರಾಜ್ ಅವರ ಸಮೀಕ್ಷಾ ಕೆಲಸ ತೋರಿಸಿದೆ. ಬದುಕುಳಿದವರಿಗೆ ಬೇಕಾದ ನರಪುನಶ್ಚೇತನ ವಿಭಾಗ ಅದೇ ಸಂಸ್ಥೆಯಲ್ಲಿದೆ. ಅಂಥದ್ದು ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವಂತಿದ್ದರೆ ಎಷ್ಟೋ ಕುಟುಂಬಗಳು ದುಬಾರಿ ಫೀಸಿನ ಭರವಸೆಗಳ ಹಿಂದೆ ಅಲೆಯಬೇಕಿರಲಿಲ್ಲ.

ಆಧಾರವಿರುವ ಹಾದಿ

ಕೈಯಿಂದ ಮಾಡುವ ಚಿಕಿತ್ಸೆಗೆ ತಲೆಪೆಟ್ಟಿನಲ್ಲಿ ಜಾಗವೇ ಇಲ್ಲವೆಂದಲ್ಲ. ಏಟಿಗೆ ಒಳಕಿವಿಯ ಸುಣ್ಣದ ಕಣಗಳು ಕಳಚಿ ಅರ್ಧವೃತ್ತ ನಾಳಕ್ಕೆ ಬಿದ್ದರೆ, ಮಗ್ಗುಲು ಬದಲಿಸಿದಾಗಲೆಲ್ಲ ಲೋಕ ಗಿರ್ರನೆ ತಿರುಗುತ್ತದೆ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ಕ್ರಮದಲ್ಲಿ ತಲೆಯನ್ನು ಕೆಲವು ಕೋನಗಳಿಗೆ ತಿರುಗಿಸಿ ಹಿಡಿದರೆ ಕಣಗಳು ಮರಳಿ ಜಾಗ ಸೇರುತ್ತವೆ. ಎಷ್ಟೋ ಜನರಿಗೆ ಒಂದೆರಡು ಬಾರಿಯಲ್ಲೇ ಗುಣ. ಇಲ್ಲಿ ಸರಿಯುವ ವಸ್ತು ಇದೆ, ಅದು ಸರಿದದ್ದನ್ನು ಕಣ್ಣಿನ ಅದುರಾಟ ನಿಂತಾಗ ಕಾಣಬಹುದು.

ಕುತ್ತಿಗೆ ಮತ್ತು ಸಮತೋಲನಕ್ಕೆ ಒಟ್ಟಾಗಿ ಕೊಡುವ ಫಿಸಿಯೋಥೆರಪಿಯೂ ಹೀಗೆಯೇ. 2014ರಲ್ಲಿ ಕೆನಡಾದ ಕ್ಯಾಥ್ರಿನ್ ಷ್ನೈಡರ್ ತಂಡ, ಆಟದಲ್ಲಿ ಪೆಟ್ಟಾಗಿ ತೊಂದರೆ ಉಳಿದ 31 ಜನರನ್ನು ಎರಡು ಗುಂಪು ಮಾಡಿತು. ಇಂಥ ಚಿಕಿತ್ಸೆ ಪಡೆದವರಲ್ಲಿ ಶೇ. 73 ಜನ ಎಂಟು ವಾರದೊಳಗೆ ಆಟಕ್ಕೆ ಮರಳಲು ಅರ್ಹರಾದರು; ಇನ್ನೊಂದು ಗುಂಪಿನಲ್ಲಿ ಶೇ. 7 ಮಾತ್ರ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಸಲಹೆಯೂ ಹೋಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತದಂತೆ ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನೋವು ಏರದಷ್ಟು ನಡಿಗೆ, ಸೈಕಲ್ ತುಳಿತ. 2019ರಲ್ಲಿ ಜಾನ್ ಲೆಡ್ಡಿ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ಹದವಾಗಿ ವ್ಯಾಯಾಮ ಮಾಡಿದ ಹದಿಹರೆಯದವರು 13 ದಿನಗಳಲ್ಲಿ ಚೇತರಿಸಿಕೊಂಡರು, ಬರಿಯ ಮೈಸಡಿಲಿಕೆಯ ವ್ಯಾಯಾಮ ಮಾಡಿದವರಿಗೆ 17 ದಿನ ಬೇಕಾಯಿತು. ಮಧ್ಯಮ, ತೀವ್ರ ಪೆಟ್ಟಿನವರಿಗೆ ಮಾತು, ನಡಿಗೆ, ನೆನಪು, ದಿನದ ಕೆಲಸಗಳನ್ನು ಮತ್ತೆ ಕಲಿಸುವ ತಿಂಗಳುಗಳ ದುಡಿಮೆಗೆ ಬದಲಿ ಇಲ್ಲ.

ಪೆಟ್ಟಾದ ಮೇಲೆ ವೈದ್ಯರು ನೋಡಿ, ರಕ್ತಸ್ರಾವವಾಗಲಿ ಬಿರುಕಾಗಲಿ ಇಲ್ಲವೆಂದು ಖಚಿತವಾಗಿ, ವಾರಗಳು ಕಳೆದಿದ್ದರೆ, ನೆಮ್ಮದಿಗಾಗಿ ಯಾರಾದರೂ ಮೃದುವಾಗಿ ತಲೆ ಹಿಡಿಯುವುದನ್ನು ಬಯಸುವವರು ತಮ್ಮ ವೈದ್ಯರಿಗೆ ಹೇಳಿಯೇ ಹೋಗಲಿ. ನಡೆಯುತ್ತಿರುವ ಔಷಧಿಯನ್ನೂ ವ್ಯಾಯಾಮವನ್ನೂ ಬಿಡದಿರಲಿ. ಆದರೆ ಪೆಟ್ಟು ಬಿದ್ದವರಿಗೆ ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದ ಮಂಪರು ಕವಿದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಕೈಕಾಲು ಸೋತರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರಿದರೆ ತಲೆಗೆ ಎಣ್ಣೆ ಹಚ್ಚಬೇಡಿ, ತಿಕ್ಕಬೇಡಿ, ಒತ್ತಿಸಬೇಡಿ. ಕುತ್ತಿಗೆ ಅಲುಗದಂತೆ ಮಲಗಿಸಿ 108ಕ್ಕೆ ಕರೆಮಾಡಿ.